ಸಗರನಾಡಿನ ಅದ್ಭುತ ಕಥೆಗಳು: ಮೋರೇರ ಮನೆಯಿಂದ ಅಚ್ಚಿನ ಪುಸ್ತಕದವರೆಗೆ

ಶಹಾಪುರ, ಸುರಪುರ ಹಾಗೂ ಸುತ್ತಲಿನ ಹಳ್ಳಿಗಳ ಸೀಮೆಯನ್ನು ಹಿಂದಿನಿಂದಲೂ ಸಗರನಾಡು ಎಂದು ಕರೆಯುತ್ತ ಬಂದಿದ್ದಾರೆ. ಭೀಮೆ ಮತ್ತು ಕೃಷ್ಣೆಯರ ನಡುವೆ ಹಬ್ಬಿದ ಈ ನಾಡು 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಗೆ ಸೇರಿತು. ಇಲ್ಲಿನ ಅದ್ಭುತ ಕಥೆಗಳನ್ನು ನೋಡುವ ಮೊದಲು ದೂರದ ಒಂದು ಹೋಲಿಕೆ. ಇಂಗ್ಲಿಷಿನಲ್ಲಿ ಫ್ಯಾಂಟಸಿ ಎಂಬ ಕಾದಂಬರಿ ಪ್ರಕಾರವನ್ನು ಗಟ್ಟಿಯಾಗಿ ನಿಲ್ಲಿಸಿದವನು ಜೆ. ಆರ್. ಆರ್. ಟೋಲ್ಕಿನ್. 1937ರ ‘ದಿ ಹಾಬಿಟ್’ ಮತ್ತು 1954–55ರಲ್ಲಿ ಮೂರು ಸಂಪುಟಗಳಾಗಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಮುಂದಿನವರಿಗೆಲ್ಲ ಮಾದರಿಯಾದವು. ನೆಲದಲ್ಲಿ ಮನೆ ಮಾಡಿಕೊಂಡ ಗಿಡ್ಡ ಜನ, ಎಲ್ಲರಿಗೂ ಓದಲು ಬಾರದ ಗುಪ್ತ ಲಿಪಿ, ಕಾಲ ಕೂಡಿದಾಗ ಮರಳಿ ಬಂದು ಸಿಂಹಾಸನ ಏರುವ ರಾಜ: ಇವು ಆ ಪುಸ್ತಕಗಳ ಮುಖ್ಯ ಸರಕು. ಈ ಮೂರೂ ಸಗರನಾಡಿನಲ್ಲಿ ಟೋಲ್ಕಿನ್‌ಗಿಂತ ಬಹಳ ಮೊದಲೇ ಇದ್ದವು. ಆದರೆ ಇಲ್ಲಿ ಅವುಗಳನ್ನು ಕಟ್ಟುಕಥೆ ಎಂದು ಯಾರೂ ಹೇಳಲಿಲ್ಲ. ಒಂದೊಂದು ಕಥೆಗೂ ಒಂದು ಊರಿತ್ತು, ಒಂದು ಕಲ್ಲೋ ಮಠವೋ ಇತ್ತು, ಅದು ತಮ್ಮದೆಂದು ಹೇಳುವ ಮನೆತನವಿತ್ತು.

ಎಲ್ಲಕ್ಕಿಂತ ಹಳೆಯವು ಕಲ್ಲಿನ ಕಥೆಗಳು. ಸುರಪುರ ಸೀಮೆಯ ರಾಜನಕೋಳೂರಿನಲ್ಲಿ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳಿವೆ. ಕೆಲವು ಕಲ್ಮನೆಗಳ ಒಂದು ಬದಿಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿರುತ್ತದೆ. ಪುರಾತತ್ವಜ್ಞರ ಪ್ರಕಾರ ಇವು ಕಬ್ಬಿಣ ಯುಗದ ಬೃಹತ್ ಶಿಲಾ ಸಮಾಧಿಗಳು. ಊರವರಿಗೆ ಮಾತ್ರ ಇವು ಮೋರೇರ ಮನೆಗಳು. ಮೋರೇರು ಮೊಣಕಾಲೆತ್ತರದ ಜನ, ಆದರೆ ಇಂಥ ಬಂಡೆಗಳನ್ನು ಬರಿಗೈಯಲ್ಲಿ ಎತ್ತಿ ನಿಲ್ಲಿಸುವ ಬಲ ಅವರಿಗಿತ್ತು ಎಂಬುದು ನಂಬಿಕೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದ ಕಲ್ಮನೆಗಳ ಬಗ್ಗೆಯೂ ಇದೇ ಮಾತಿದೆ. ಈ ಕಥೆಯ ಹಿಂದೆ ಒಂದು ಲೆಕ್ಕಾಚಾರ ಕಾಣುತ್ತದೆ. ಕಿಂಡಿಯೇ ಬಾಗಿಲಾದರೆ ಒಳಗಿದ್ದವರು ಗಿಡ್ಡರಾಗಿರಬೇಕು. ಚಪ್ಪಡಿಯ ತೂಕ ನೋಡಿದರೆ ಅದನ್ನು ಎತ್ತಿದವರು ಮಹಾ ಬಲಶಾಲಿಗಳಾಗಿರಬೇಕು. ಎರಡನ್ನೂ ಕೂಡಿಸಿದರೆ ಮೋರೇರು ಹುಟ್ಟುತ್ತಾರೆ.

ಈ ಕಲ್ಮನೆಗಳನ್ನು ಹೊರಜಗತ್ತಿಗೆ ತಿಳಿಸಿದವನು ಫಿಲಿಪ್ ಮೆಡೋಸ್ ಟೇಲರ್ (1808–1876). ನಿಜಾಮನ ಸೈನ್ಯದ ಅಧಿಕಾರಿಯಾಗಿದ್ದ ಅವನು 1840ರ ದಶಕದ ಆರಂಭದಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಬಂಗಲೆ ಇಂದಿಗೂ ಟೇಲರ್ ಮಂಜಿಲ್ ಎಂದೇ ಹೆಸರಾಗಿದೆ. ಜೇವರ್ಗಿಯಲ್ಲಿ ಹಾಗೂ ಸುರಪುರದ ಸುತ್ತಮುತ್ತ ಸಮಾಧಿಗಳನ್ನು ಅಗೆಸಿ, ಅಳತೆ ತೆಗೆದು, ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಜೋಡಿಸಿದ ಗುಂಡುಕಲ್ಲುಗಳನ್ನೂ ಗುರುತಿಸಿ, ಮುಂಬಯಿಯ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ 1850ರ ದಶಕದ ಮೊದಲ ವರ್ಷಗಳಲ್ಲಿ ಲೇಖನ ಬರೆದ. ಅಳತೆ, ನಕಾಶೆ, ಪದರಗಳ ಗುರುತು ಎಲ್ಲದರಲ್ಲೂ ಅವನು ತನ್ನ ಕಾಲಕ್ಕಿಂತ ಮುಂದಿದ್ದ. ಇವುಗಳನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ಬಂದಾಗ ಮಾತ್ರ ಅವನೂ ಕಥೆಯನ್ನೇ ಹೊಸೆದ. ಬ್ರಿಟನ್ನಿನಲ್ಲಿ ಇಂಥದೇ ಕಲ್ಲುಗಳನ್ನು ಡ್ರೂಯಿಡ್ ಪುರೋಹಿತರಿಗೆ ಅಂಟಿಸುವ ರೂಢಿಯಿತ್ತು. ಅದನ್ನು ಅನುಸರಿಸಿ, ಮಧ್ಯ ಏಷ್ಯಾದಿಂದ ಹೊರಟ ಸಿಥಿಯನ್ನರ ಒಂದು ಕವಲು ಅತ್ತ ಐರೋಪ್ಯ ನಾಡುಗಳಿಗೂ ಇತ್ತ ಸುರಪುರಕ್ಕೂ ಬಂದಿರಬೇಕೆಂದು ಅವನು ಊಹಿಸಿದ. ಊರವರ ಮೋರೇರು, ಸಾಹೇಬನ ಡ್ರೂಯಿಡರು: ಪುರಾವೆಯ ದೃಷ್ಟಿಯಿಂದ ನೋಡಿದರೆ ಎರಡರ ತೂಕವೂ ಒಂದೇ.

ಬೂದಿ ದಿಬ್ಬಗಳ ಕಥೆಯೂ ಹೀಗೆಯೇ. ಬಳ್ಳಾರಿ ಸೀಮೆಯ ಕುಡತಿನಿಯ ದಿಬ್ಬ ಹಿಡಿಂಬಾಸುರನ ಬೂದಿ, ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯ ಚಿತೆ ಎಂದು ಜನ ನಂಬಿದ್ದರು. ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಸೇರಿದ ಸಗಣಿ ಮತ್ತೆ ಮತ್ತೆ ಸುಟ್ಟು ಈ ದಿಬ್ಬಗಳಾದವು ಎಂಬುದನ್ನು ಎಫ್. ಆರ್. ಆಲ್ಚಿನ್ 1963ರ ಪುಸ್ತಕದಲ್ಲಿ ಸಾಧಿಸಿ ತೋರಿಸಿದ. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ನಡೆಸಿದ ಉತ್ಖನನದಲ್ಲಿ ಆ ದನಗಾಹಿಗಳ ವಸತಿಯ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. ಅದೇ ಪದ್ದಯ್ಯನವರು ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಶೋಧಿಸಿದ ಕಲ್ಲಿನ ಆಯುಧಗಳ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ವಯಸ್ಸೆಂದು ಅಂದಾಜಾಗಿದೆ. ಶಹಾಪುರದ ಬಳಿ ಹೆದ್ದಾರಿಯಿಂದ ಕಾಣುವ ‘ಬುದ್ಧ ಮಲಗಿದ ಬೆಟ್ಟ’ವನ್ನೂ ಕಲ್ಲಿನ ಕಥೆಗಳ ಸಾಲಿಗೇ ಸೇರಿಸಬಹುದು. ಬೆಟ್ಟಗಳ ಸಾಲನ್ನು ದೂರದಿಂದ ನೋಡಿದರೆ ಅಂಗಾತ ಮಲಗಿದ ಆಕೃತಿ ಎದ್ದು ಕಾಣುತ್ತದೆ, ಹತ್ತಿರ ಹೋದರೆ ಬರೀ ಬಂಡೆ.

ಕಲ್ಲಿನಿಂದ ಅಕ್ಷರಕ್ಕೆ ಬಂದರೆ ಮೊದಲು ಸಿಗುವವನು ಮುದನೂರಿನ ದೇವರ ದಾಸಿಮಯ್ಯ. ನೇಯ್ಗೆಯ ಕಸುಬಿನ, ರಾಮನಾಥ ಅಂಕಿತದ ಈ ವಚನಕಾರ ಬಸವಣ್ಣನಿಗಿಂತ ಹಿಂದಿನವನು. ಅವನ ವಚನಗಳಲ್ಲಿ ಪವಾಡಕ್ಕೆ ಜಾಗವಿಲ್ಲ. ಅವು ಖಡಕ್ಕಾದ, ನೇರವಾದ ಮಾತುಗಳು. ಪವಾಡ ಸೇರಿಕೊಂಡದ್ದು ಪುರಾಣಕಾರರ ಕೈಯಲ್ಲಿ. ಭೀಮಕವಿ 1369ರಲ್ಲಿ ಮುಗಿಸಿದ ‘ಬಸವಪುರಾಣ’ವೂ ಸೇರಿದಂತೆ ವೀರಶೈವ ಪುರಾಣಗಳು ಹೇಳುವ ಕಥೆ ಹೀಗಿದೆ. ದಾಸಿಮಯ್ಯ ಬಹುಕಾಲ ಕುಳಿತು ಒಂದು ದಿವ್ಯವಾದ ಬಟ್ಟೆ ನೇಯ್ದ. ಸಂತೆಗೆ ಒಯ್ದರೆ ಅದಕ್ಕೆ ಬೆಲೆ ಕಟ್ಟುವವರೇ ಸಿಗಲಿಲ್ಲ. ಮರಳುವಾಗ ಮುದಿ ಜಂಗಮನ ವೇಷದಲ್ಲಿ ಎದುರಾದ ಶಿವ ಅದನ್ನು ಬೇಡಿ ಪಡೆದು ಕಣ್ಣೆದುರಿಗೇ ಹರಿದು ಚಿಂದಿ ಮಾಡಿದ. ದಾಸಿಮಯ್ಯ ಅಲುಗಾಡಲಿಲ್ಲ. ಮೆಚ್ಚಿದ ಶಿವ ತೆಗೆದಷ್ಟೂ ತೀರದ ತವನಿಧಿಯನ್ನು ಕೊಟ್ಟ. ಮಳೆ ನಂಬಿ ಬದುಕುವ ನಾಡಿನಲ್ಲಿ ಈ ಕಥೆ ಏಕೆ ನೆಲೆ ನಿಂತಿತೆಂದು ವಿವರಿಸಬೇಕಾಗಿಲ್ಲ. ಕಥೆಯ ಸೊಗಸಿರುವುದು ವರದಲ್ಲಲ್ಲ, ನೇಕಾರನ ಎದುರೇ ಅವನ ಬಟ್ಟೆ ಹರಿಯುವ ಆ ಗಳಿಗೆಯಲ್ಲಿ.

ಪುರಾಣಗಳನ್ನು ಇಲ್ಲಿನ ಮಂದಿ ಒಬ್ಬರೇ ಕೂತು ಓದಿದ್ದು ಕಡಿಮೆ. ಶ್ರಾವಣ ಬಂತೆಂದರೆ ಗುಡಿಯಲ್ಲೋ ಮಠದಲ್ಲೋ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ, ತಿಂಗಳ ಕೊನೆಗೆ ಮಂಗಲ. ಕಂತುಕಂತಾಗಿ ಬರುವ ಕಥೆಗಾಗಿ ಕಾಯುವ ರೂಢಿ ಧಾರಾವಾಹಿಗಳಿಗಿಂತ ಎಷ್ಟೋ ಮೊದಲೇ ಹೀಗೆ ಬೆಳೆಯಿತು. ಕನ್ನಡದಲ್ಲಿ ಅತಿ ಹೆಚ್ಚು ಓದಿಸಿಕೊಂಡ ಕಾವ್ಯಗಳಲ್ಲಿ ಒಂದಾದ ಲಕ್ಷ್ಮೀಶನ ‘ಜೈಮಿನಿ ಭಾರತ’ ಅದ್ಭುತಗಳ ಗಣಿ. ಯಜ್ಞದ ಕುದುರೆಯ ಬೆನ್ನು ಹತ್ತಿ ಹೊರಟ ಅರ್ಜುನ ಹೆಂಗಸರೇ ಆಳುವ ಪ್ರಮೀಳೆಯ ನಾಡು ಹೊಗುತ್ತಾನೆ. ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕಿದರೂ ಸುಧನ್ವ ಬೇಯುವುದಿಲ್ಲ. ಮಗ ಬಭ್ರುವಾಹನನ ಕೈಯಲ್ಲಿ ಸತ್ತ ಅರ್ಜುನ ಪಾತಾಳದ ನಾಗರ ಮಣಿಯಿಂದ ಬದುಕಿ ಏಳುತ್ತಾನೆ. ಲಕ್ಷ್ಮೀಶನ ಊರು ಚಿಕ್ಕಮಗಳೂರು ಜಿಲ್ಲೆಯ ದೇವನೂರು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಕವಿ ತನ್ನ ಊರನ್ನು ಸುರಪುರವೆಂದು ಕರೆದುಕೊಂಡದ್ದರಿಂದ ಸುರಪುರ ತಾಲ್ಲೂಕಿನ ದೇವಾಪುರದ ಹಕ್ಕೊತ್ತಾಯವೂ ಇದೆ. ಈ ಭಾಗದವರು ಅದನ್ನು ಸುಲಭಕ್ಕೆ ಬಿಟ್ಟುಕೊಡುವವರಲ್ಲ.

ಸಗರನಾಡಿನ ಅದ್ಭುತ ಸಾಹಿತ್ಯದಲ್ಲಿ ಎಲ್ಲಕ್ಕಿಂತ ವಿಚಿತ್ರವಾದದ್ದು ಕೊಡೇಕಲ್ಲಿನ ಕಾಲಜ್ಞಾನ. 16ನೆಯ ಶತಮಾನದ ಕೊಡೇಕಲ್ ಬಸವಣ್ಣ ಕೃಷ್ಣಾ ತೀರಕ್ಕೆ ಹತ್ತಿರದ ಈ ಊರಿನಲ್ಲಿ ನೆಲೆಸಿ, ಮುಂದೆ ಆಗುವುದನ್ನು ವಚನಗಳಲ್ಲಿ ಹೇಳಿದನೆಂದು ಪ್ರತೀತಿ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಪರಂಪರೆ ಅವನದು. ಅವನ ಚರಿತ್ರೆಯನ್ನು ವೀರಸಂಗಯ್ಯ ಎಂಬ ಕವಿ ‘ನಂದಿ ಆಗಮಲೀಲೆ’ ಎಂಬ ಕೃತಿಯಲ್ಲಿ ಹೇಳಿದ್ದಾನೆ. ಕಾಲಜ್ಞಾನದ ಹಸ್ತಪ್ರತಿಗಳಲ್ಲಿ ಬಳಸಿದ ಲಿಪಿಗೆ ಅಮರಗನ್ನಡ ಎಂದು ಹೆಸರು. ಭಾಷೆ ಕನ್ನಡವೇ, ಅಕ್ಷರಗಳ ರೂಪ ಬೇರೆ. ಪರಂಪರೆಯೊಳಗೆ ದೀಕ್ಷೆ ಪಡೆದವರಿಗಷ್ಟೇ ಓದಲು ಬರುತ್ತಿದ್ದಂಥದು. ಮಾತು ಎಲ್ಲರದಾಗಿದ್ದೂ ಬರಹ ಕೆಲವರದಾಗಿಯೇ ಉಳಿಯುವ ಈ ಏರ್ಪಾಟು ಕಾಲಜ್ಞಾನದ ತೂಕವನ್ನು ಹೆಚ್ಚಿಸಿತು. ಮಠದಲ್ಲಿ ಹೊತ್ತಗೆ ಬಿಚ್ಚಿ ಓದಿಸಿ ಮಳೆ ಬೆಳೆ, ರಾಜಕಾರಣಗಳ ಸೂಚನೆ ಹುಡುಕುವ ಪದ್ಧತಿ ಬೆಳೆಯಿತು.

ಈ ಸಾಹಿತ್ಯ ಹುಟ್ಟಿದ ಕಾಲವನ್ನು ಗಮನಿಸಬೇಕು. 1565ರಲ್ಲಿ ರಕ್ಕಸಗಿ–ತಂಗಡಗಿಯ ಯುದ್ಧದಲ್ಲಿ ವಿಜಯನಗರ ಸೋತಿತು. ಆ ರಣಭೂಮಿ ಇದ್ದದ್ದು ಇದೇ ಕೃಷ್ಣೆಯ ದಡದ ಸೀಮೆಯಲ್ಲಿ. ಆ ಶತಮಾನದಲ್ಲಿ ಮತ್ತು ಮುಂದೆ ಕನ್ನಡದಲ್ಲಿ ಕಾಲಜ್ಞಾನದ ಕೃತಿಗಳು ಸಾಲುಗಟ್ಟಿ ಬಂದವು. ಅವುಗಳಲ್ಲಿ ಮತ್ತೆ ಮತ್ತೆ ಬರುವ ಪಾತ್ರ ವೀರವಸಂತರಾಯ. ಕೆಟ್ಟ ಕಾಲ ತುದಿ ಮುಟ್ಟಿದಾಗ ಅವನು ಬರುತ್ತಾನೆ, ಕಲ್ಯಾಣವನ್ನು ಮತ್ತೆ ಎತ್ತಿ ನಿಲ್ಲಿಸುತ್ತಾನೆ, ಶರಣರು ತಿರುಗಿ ಬರುತ್ತಾರೆ. ತೆಲುಗಿನ ವೀರಬ್ರಹ್ಮೇಂದ್ರಸ್ವಾಮಿಯ ಕಾಲಜ್ಞಾನದಲ್ಲೂ ವೀರಭೋಗ ವಸಂತರಾಯನಿದ್ದಾನೆ. ಟೋಲ್ಕಿನ್‌ನ ಮೂರನೆಯ ಸಂಪುಟದ ಹೆಸರು ‘ದಿ ರಿಟರ್ನ್ ಆಫ್ ದಿ ಕಿಂಗ್’. ಅಲ್ಲಿ ರಾಜ ಬರುತ್ತಾನೆ, ಕಥೆ ಮುಗಿಯುತ್ತದೆ. ಕಾಲಜ್ಞಾನದಲ್ಲಿ ರಾಜ ಇನ್ನೂ ಬಂದಿಲ್ಲ, ಹಾಗಾಗಿ ಕಥೆ ಮುಗಿದೂ ಇಲ್ಲ. ಸೋತ ನಾಡು ತನ್ನ ಸೋಲನ್ನು ಇತಿಹಾಸವಾಗಿ ಬರೆದಿಡಲಿಲ್ಲ, ಭವಿಷ್ಯವಾಗಿ ಬರೆದಿಟ್ಟಿತು. ಕನ್ನಡದ ಅದ್ಭುತ ಕಥನಗಳಲ್ಲಿ ಇಷ್ಟು ನೇರವಾಗಿ ರಾಜಕೀಯ ಮಾತಾಡಿದ್ದು ಇನ್ನೊಂದಿಲ್ಲ.

ಕೃಷ್ಣೆಯ ದಡದಲ್ಲೇ ಇರುವ ತಿಂಥಣಿಯ ಮೌನೇಶ್ವರನದು ಕೊಡೇಕಲ್ಲಿನಂಥದೇ ಕೂಡುಪರಂಪರೆ. ದೇವರಗೋನಾಲದಲ್ಲಿ ಹುಟ್ಟಿದ ಅವನ ಪವಾಡಗಳನ್ನು ಜಾತ್ರೆಯಲ್ಲಿ ಸೇರುವ ಎರಡೂ ಧರ್ಮದ ಮಂದಿ ಹೇಳಿಕೊಳ್ಳುತ್ತಾರೆ. ಸಗರದ ಸೂಫಿ ಸರ್ಮಸ್ತರ ದರ್ಗಾಕ್ಕೆ ಸಂಬಂಧಿಸಿದ ಕಥೆಗಳಲ್ಲಿ ಸಂತ ಯೋಧನೂ ಹೌದು. ಯಾದಗಿರಿ ಬಳಿಯ ಮೈಲಾಪುರದಲ್ಲಿ ಸಂಕ್ರಾಂತಿಗೆ ನಡೆಯುವ ಮೈಲಾರಲಿಂಗನ ಜಾತ್ರೆ ಮಣಿ–ಮಲ್ಲ ಎಂಬ ಅಸುರರ ವಧೆಯ ಕಥೆಯನ್ನೇ ಆಡಿ ತೋರಿಸುತ್ತದೆ. ಏಳುಕೋಟಿಯ ಉಘೇ, ಭಂಡಾರ, ಕಬ್ಬಿಣದ ಸರಪಳಿ ಹರಿಯುವ ಸೇವೆ ಎಲ್ಲವೂ ಆ ಯುದ್ಧದ ನೆನಪುಗಳು. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ರಿವಾಯತ್ ಪದಗಳು ಕರ್ಬಲಾದ ಮರಳುಗಾಡನ್ನು ಕನ್ನಡದಲ್ಲಿ ಕಟ್ಟಿಕೊಡುತ್ತವೆ. ದೊಡ್ಡಾಟದಲ್ಲಿ ರಕ್ಕಸನ ವೇಷ ರಂಗಕ್ಕೆ ಬಂದಾಗ ನಿದ್ದೆಗಣ್ಣಿನ ಮಕ್ಕಳು ತಟ್ಟನೆ ಎದ್ದು ಕೂಡುತ್ತಾರೆ. ಕಿರಿಯರಿಗೊಂದು, ಹಿರಿಯರಿಗೊಂದು ಎಂದು ಕಥೆಗಳನ್ನು ಬೇರೆ ಮಾಡುವ ಪದ್ಧತಿ ಇಲ್ಲಿರಲಿಲ್ಲ. ಅದು ಪ್ರಕಾಶಕರು ತಂದ ವಿಂಗಡಣೆ.

ಕಟ್ಟುಕಥೆಯನ್ನು ಕಟ್ಟುಕಥೆಯೆಂದೇ ಒಪ್ಪಿ ರಂಜಿಸಿದ ಒಂದು ಪರಂಪರೆಯೂ ಈ ನೆಲಕ್ಕೆ ಹತ್ತಿರದಲ್ಲಿತ್ತು. ಅದು ದಖ್ಖನಿ ಭಾಷೆಯ ಮಸ್ನವಿ ಎಂಬ ಕಥನಕಾವ್ಯ. ಬೀದರಿನ ಬಹಮನಿ ಸುಲ್ತಾನರ ಕಾಲದಲ್ಲಿ ಫಖ್ರುದ್ದೀನ್ ನಿಜಾಮಿ ಬರೆದ ‘ಕದಮ್ ರಾವ್ ಪದಮ್ ರಾವ್’ ಪರಕಾಯ ಪ್ರವೇಶದ ಕಥೆ. ಗೋಲ್ಕೊಂಡದ ಗವ್ವಾಸಿ 1625ರಲ್ಲಿ ರಾಜಕುಮಾರನೊಬ್ಬ ಪರಿಯನ್ನು ಹುಡುಕಿ ಹೊರಡುವ ‘ಸೈಫುಲ್ ಮುಲೂಕ್ ವ ಬದೀಉಲ್ ಜಮಾಲ್’ ರಚಿಸಿದ. ವಿಜಯಪುರದ ನುಸ್ರತಿ 1657ರ ಸುಮಾರಿಗೆ ‘ಗುಲ್ಶನ್-ಎ-ಇಶ್ಕ್’ ಬರೆದಾಗ ಸಗರ ಆದಿಲಶಾಹಿಗಳ ಆಳ್ವಿಕೆಯಲ್ಲಿತ್ತು. ಈ ಕಾವ್ಯಗಳು ಆಸ್ಥಾನದವು. ಜಿನ್ನರೂ ಪರಿಗಳೂ ಹಳ್ಳಿಯ ಮಾತಿಗೆ ಬಂದದ್ದು ಇವುಗಳಿಂದಲ್ಲ, ದರ್ಗಾ ಮತ್ತು ಅಜ್ಜಿಯರ ಬಾಯಿಂದ.

ಸುರಪುರದ ಬೇಡ ನಾಯಕರು ಈ ಸುಲ್ತಾನರ ಮತ್ತು ಮುಂದೆ ಮೊಗಲರ ನಡುವೆ ತಮ್ಮ ನೆಲ ಉಳಿಸಿಕೊಂಡವರು. 1705ರಲ್ಲಿ ಔರಂಗಜೇಬ ತಾನೇ ಬಂದು ನಡೆಸಿದ ಕೊನೆಯ ಮುತ್ತಿಗೆ ಇವರ ವಾಗಣಗೇರಾ ಕೋಟೆಯದು. ಅವರ ಆಶ್ರಯದಲ್ಲಿ ಬೆಳೆದ ಸುರಪುರದ ಕಿರುಚಿತ್ರ ಶೈಲಿಯಲ್ಲಿ ಚಿನ್ನದ ಬಣ್ಣದ ದೇವತೆಗಳೂ ಪುರಾಣದ ಪ್ರಸಂಗಗಳೂ ಮೂಡಿದವು. ಈ ಸಂಸ್ಥಾನಕ್ಕೇ ಟೇಲರ್ ಬಂದದ್ದು, ಅದೂ ಕಾದಂಬರಿಕಾರನಾಗಿ ಹೆಸರು ಮಾಡಿದ ಮೇಲೆ. ಅವನ ‘ಕನ್ಫೆಷನ್ಸ್ ಆಫ್ ಎ ಥಗ್’ 1839ರಲ್ಲೇ ಲಂಡನ್ನಿನಲ್ಲಿ ಅಚ್ಚಾಗಿ ಗದ್ದಲವೆಬ್ಬಿಸಿತ್ತು. ಚಾಂದಬೀಬಿಯನ್ನು ಕುರಿತ ‘ಎ ನೋಬಲ್ ಕ್ವೀನ್’ ಅವನು ಸತ್ತ ಮೇಲೆ 1878ರಲ್ಲಿ ಪ್ರಕಟವಾಯಿತು. ಕೃಷ್ಣೆ ಧುಮುಕುವ ಜಲದುರ್ಗದ ಕೋಟೆ, ಬೇಡ ಪಡೆಯ ವೀರರು ಅದರ ಕಥೆಯೊಳಗಿದ್ದಾರೆ. ಸಗರನಾಡಿನ ನೆಲ ಆಧುನಿಕ ಕಾದಂಬರಿಯೊಳಗೆ ಬಂದದ್ದು ಹೀಗೆ, ಇಂಗ್ಲಿಷಿನ ಮೂಲಕ.

ಆದರೆ ಈ ಕಾದಂಬರಿಗಳಲ್ಲಿ ಮೋರೇರಿಲ್ಲ, ಕಾಲಜ್ಞಾನದ ರಾಜನೂ ಇಲ್ಲ. ಅವು ಕೋಟೆ, ಒಳಸಂಚು, ಪ್ರೇಮಗಳ ಐತಿಹಾಸಿಕ ಕಾದಂಬರಿಗಳು. ಟೇಲರ್ ಅದ್ಭುತವನ್ನು ಇರಿಸಿದ್ದು ಎರಡು ಅನಿರೀಕ್ಷಿತ ಕಡೆ: ಪುರಾತತ್ವದ ಲೇಖನಗಳಲ್ಲಿ ಮತ್ತು 1877ರಲ್ಲಿ ಬಂದ ಆತ್ಮಕಥೆ ‘ದಿ ಸ್ಟೋರಿ ಆಫ್ ಮೈ ಲೈಫ್’ನಲ್ಲಿ. ಆತ್ಮಕಥೆಯ ಅತ್ಯಂತ ಗಾಢವಾದ ಭಾಗ ಸುರಪುರದ ಎಳೆಯ ದೊರೆ ರಾಜಾ ವೆಂಕಟಪ್ಪ ನಾಯಕನ ಜಾತಕದ ಪ್ರಸಂಗ. ಹುಡುಗ 24ನೆಯ ವರ್ಷ ದಾಟುವುದಿಲ್ಲ ಎಂದು ಜಾತಕ ಬರೆದವರು ಹೇಳಿದ್ದರು. ಆ ಗುಟ್ಟು ಟೇಲರ್‌ಗೂ ತಿಳಿದಿತ್ತು. ಅವನು ಅದನ್ನು ನಂಬಲಿಲ್ಲ, ಮರೆಯಲೂ ಇಲ್ಲ. ತಾಯಿ ರಾಣಿ ಈಶ್ವರಮ್ಮನೊಡನೆ ಅಧಿಕಾರಕ್ಕಾಗಿ ಸೆಣಸುತ್ತಲೇ ಅವನು ಹುಡುಗನ ಓದುಬರಹದ ಹೊಣೆ ಹೊತ್ತ. ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ.

1858ರ ಫೆಬ್ರವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಎದ್ದಿತು. ಸೋಲಿನ ನಂತರ ವೆಂಕಟಪ್ಪ ನಾಯಕ ಹೈದರಾಬಾದಿನಲ್ಲಿ ಸೆರೆ ಸಿಕ್ಕ. ಮರಣದಂಡನೆ ಕೆಲವು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಆ ಸೆರೆಗೆ ಒಯ್ಯುವ ದಾರಿಯಲ್ಲಿ, ಬೆಂಗಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ಅವನು ಸತ್ತ. ಆಗ ಅವನಿಗೆ 24ನೆಯ ವರ್ಷ ನಡೆಯುತ್ತಿತ್ತು. ಕಾದಂಬರಿಯಲ್ಲಿ ಇದನ್ನೇ ಬರೆದಿದ್ದರೆ ವಿಮರ್ಶಕರು ಅತಿಯಾಯಿತೆಂದು ತಳ್ಳಿಹಾಕುತ್ತಿದ್ದರು. ಟೇಲರ್ ಅದನ್ನು ನಡೆದ ಸಂಗತಿಯಾಗಿ ಬರೆದ. ಸುರಪುರದ ಜನ ತಮ್ಮ ರಾಜನನ್ನು ಹುತಾತ್ಮನೆಂದು ನೆನೆಯುತ್ತಾರೆ, ಗುಂಡು ಯಾರದೆಂಬ ವಾದ ಇಂದಿಗೂ ನಿಂತಿಲ್ಲ. ಸಂಸ್ಥಾನ ಬೇಗನೇ ನಿಜಾಮನ ಕೈಸೇರಿತು.

ನಿಜಾಮನ ರಾಜ್ಯದಲ್ಲಿ ಕನ್ನಡದ ಮುದ್ರಿತ ಕಥೆ ಸಗರನಾಡಿಗೆ ತಡವಾಗಿ ಬಂತು. 1871ರಲ್ಲಿ ಮುಂಬಯಿ–ಮದ್ರಾಸ್ ರೈಲುಹಾದಿ ರಾಯಚೂರಿನಲ್ಲಿ ಕೂಡಿದಾಗ ಯಾದಗಿರಿ ಆ ಹಾದಿಯ ನಿಲ್ದಾಣವಾಯಿತು. ಶಹಾಪುರ, ಸುರಪುರಗಳಿಗೆ ರೈಲು ಬರಲಿಲ್ಲ. ಕಚೇರಿಯಲ್ಲೂ ಮೇಲಿನ ತರಗತಿಗಳಲ್ಲೂ ಉರ್ದು ನಡೆಯುತ್ತಿತ್ತು. ಓದು ಕಲಿತವರು ಅಲಿಫ್ ಲೈಲಾ, ಅಮೀರ್ ಹಮ್ಜಾರ ದಾಸ್ತಾನುಗಳನ್ನು ಉರ್ದುವಿನಲ್ಲಿ ಓದಿ, ಕಟ್ಟೆಯ ಮೇಲೆ ಕೂತು ಕನ್ನಡದಲ್ಲಿ ಹೇಳುವಂಥ ಕಾಲ ಅದು. ಧಾರವಾಡ, ಮೈಸೂರುಗಳಲ್ಲಿ ಕಾದಂಬರಿ ಬೆಳೆಯುತ್ತಿದ್ದಾಗ ಇಲ್ಲಿ ಬೆಳೆದದ್ದು ಕಡಕೋಳ ಮಡಿವಾಳಪ್ಪನ ಪರಂಪರೆಯ ತತ್ವಪದ, ಬಯಲಾಟ, ಭಜನೆ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡ ಶಾಲೆ, ಕನ್ನಡ ಪುಸ್ತಕಗಳು ಹಳ್ಳಿ ಮುಟ್ಟಿದವು.

ಆ ಹೊತ್ತಿಗೆ ‘ಚಂದಮಾಮ’ ಸಿದ್ಧವಾಗಿತ್ತು. 1947ರಲ್ಲಿ ಮದ್ರಾಸಿನಿಂದ ತೆಲುಗು, ತಮಿಳಿನಲ್ಲಿ ಹೊರಟ ಈ ಮಾಸಿಕದ ಕನ್ನಡ ಆವೃತ್ತಿ 1949ರಲ್ಲಿ ಆರಂಭವಾಯಿತು. ಬೇತಾಳನ ಪ್ರಶ್ನೆಗಳ ಜೊತೆಗೆ ಅದರ ಬಂಡವಾಳವಾಗಿದ್ದವು ತೆಲುಗಿನ ದಾಸರಿ ಸುಬ್ರಹ್ಮಣ್ಯಂ ಬರೆಯುತ್ತಿದ್ದ ಧಾರಾವಾಹಿಗಳು. ಮಾಂತ್ರಿಕರು, ಪಾತಾಳ ದುರ್ಗಗಳು, ವಿಚಿತ್ರ ಮೃಗಗಳು ತುಂಬಿದ ಅವು ವರ್ಷವಿಡೀ ನಡೆಯುತ್ತಿದ್ದವು. ದೇವರಿಲ್ಲದ, ಯಾವ ಊರಿಗೂ ಅಂಟಿಕೊಳ್ಳದ, ಬರೆದವರ ಕಲ್ಪನೆಯೆಂದು ಓದುವ ಮಗುವಿಗೂ ಗೊತ್ತಿದ್ದ ಲೋಕ ಅದು. ಇಂಗ್ಲಿಷಿನ ಅರ್ಥದ ಫ್ಯಾಂಟಸಿ ಸಗರನಾಡಿನ ಮಕ್ಕಳಿಗೆ ಮೊದಲು ಸಿಕ್ಕಿದ್ದು ಈ ರೂಪದಲ್ಲಿ. ಕನ್ನಡಿಗ ಕಲಾವಿದ ಎಂ. ಟಿ. ವಿ. ಆಚಾರ್ಯರ ಮಹಾಭಾರತದ ಮುಖಪುಟಗಳು ಎಷ್ಟೋ ಮನೆಗಳ ಗೋಡೆ ಏರಿದವು. ಪತ್ರಿಕೆ 2010ರ ದಶಕದ ಆರಂಭದಲ್ಲಿ ನಿಂತಿತು.

ದೊಡ್ಡವರ ಕನ್ನಡ ಕಾದಂಬರಿ ಬಹುಕಾಲ ವಾಸ್ತವದ ಹಾದಿಯನ್ನೇ ಹಿಡಿದಿತ್ತು. ಅದ್ಭುತವನ್ನು ಅಂಜಿಕೆಯಿಲ್ಲದೆ ತಂದವರಲ್ಲಿ ಚಂದ್ರಶೇಖರ ಕಂಬಾರರು ಮುಂದಿನ ಸಾಲಿನವರು. ಯಕ್ಷಿಯೊಬ್ಬಳ ಸುತ್ತ ಬೆಳೆಯುವ ‘ಚಕೋರಿ’ ಕಾವ್ಯದಲ್ಲೂ ‘ಶಿಖರಸೂರ್ಯ’ ಕಾದಂಬರಿಯಲ್ಲೂ ಉತ್ತರ ಕರ್ನಾಟಕದ ಜನಪದ ಕಥನವೇ ಬೇರು. 2010ರಿಂದ ಇಂಗ್ಲಿಷಿನಲ್ಲಿ ಬಂದ ಅಮೀಶ್ ತ್ರಿಪಾಠಿಯ ಶಿವನ ಕಾದಂಬರಿಮಾಲೆ ಕನ್ನಡಕ್ಕೂ ಅನುವಾದವಾಯಿತು. ಅಲ್ಲಿ ಶಿವ ಒಬ್ಬ ಮನುಷ್ಯ, ಕಾಲಾಂತರದಲ್ಲಿ ದೇವರೆನಿಸಿಕೊಂಡವನು. ದಾಸಿಮಯ್ಯನ ಕಥೆ ಕೇಳಿ ಬೆಳೆದ ಓದುಗನಿಗೆ ಇದು ತಲೆಕೆಳಗಾದ ದಾರಿ.

ಈ ಪುಸ್ತಕಗಳನ್ನು ಯಾದಗಿರಿ ಜಿಲ್ಲೆಯಲ್ಲಿ ಓದುವವರ ವಲಯ ಸಣ್ಣದು. 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕೊನೆಯ ಸ್ಥಾನ. ಕೇಳುವವರ ವಲಯಕ್ಕೆ ಅಂಥ ಎಲ್ಲೆಯಿಲ್ಲ. ಹೀಗಾಗಿ ಪುರಾಣ, ರಿವಾಯತ್, ಕಾಲಜ್ಞಾನಗಳೇ ಇಂದಿಗೂ ಇಲ್ಲಿ ಹೆಚ್ಚು ಜನರನ್ನು ತಲುಪುವ ಅದ್ಭುತ ಕಥನಗಳು. ಈಚಿನ ದಶಕಗಳಲ್ಲಿ ಅವುಗಳ ಸ್ಥಿತಿಯೂ ಬದಲಾಗಿದೆ. 1980ರಲ್ಲಿ ಕಲಬುರಗಿಯಲ್ಲಿ ವಿಶ್ವವಿದ್ಯಾಲಯ, 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಈ ಭಾಗದ ಬಾಯಿಮಾತಿನ ಸಾಹಿತ್ಯ ಸಂಗ್ರಹವಾಗಿ ಅಚ್ಚಾಗತೊಡಗಿತು. ಅಮರಗನ್ನಡದ ಅಕ್ಷರಗಳನ್ನು ವಿದ್ವಾಂಸರು ಬಿಡಿಸಿದರು, ಕೊಡೇಕಲ್ಲಿನ ವಚನಗಳು ಸಾಮಾನ್ಯ ಕನ್ನಡ ಲಿಪಿಯಲ್ಲಿ ಪುಸ್ತಕವಾದವು. ದೀಕ್ಷೆಯಿಲ್ಲದವರೂ ಈಗ ಅವನ್ನು ಓದಬಹುದು, ಇಷ್ಟವಿದ್ದರೆ ಕಥೆಯೆಂದೇ ಓದಬಹುದು.